‘ಕೈ ಬಿಡೋ, ನಾ ಬೀಳಂಗಿಲ್ಲ’

ಚಿಕ್ಕವನಿದ್ದಾಗಿನಿಂದ ನಾನು ಎದ್ದಿದ್ದು ಅಲಾರಂ ಸದ್ದಿಗಲ್ಲ, ಅವ್ವ ರೊಟ್ಟಿ ಬಡಿಯೋ ಸದ್ದಿಗೆ. ಶಾಲೆಗೆ ಹೋಗುವಾಗಲೂ ಅದೇ, ಬೆಂಗಳೂರಿನಿಂದ ರಜೆಗೆ ಬಂದಾಗಲೂ ಅದೇ. ಪಟ್ ಪಟ್ ಪಟ್ ಅಂತ ಅಡುಗೆಮನೆಯಿಂದ ಕೇಳಿದರೆ ಮನೆ ಸರಿಯಾಗಿದೆ ಅಂತ ಅರ್ಥ.

ನವೆಂಬರ್ ತಿಂಗಳ ಒಂದು ಗುರುವಾರ ಆ ಸದ್ದು ನಿಂತಿತು.

ಅವತ್ತು ಬೆಳಿಗ್ಗೆ ಆರೂವರೆಗೆ, ಧಾರವಾಡದ ಮದಿಹಾಳದ ನಮ್ಮ ಮನೆಯಲ್ಲಿ, ಎಸರು ಇಟ್ಟು ಹಿಟ್ಟು ನಾದಲು ನಿಂತ ಅವ್ವ, “ಯಾಕೋ ಎಡಗೈ ಜೋಮು ಹಿಡದಂಗ ಆಗೇತ್ರಿ” ಅಂದಳಂತೆ. “ರಾತ್ರಿ ಕೈ ಮ್ಯಾಲ ಮಲಗೀದಿ, ಅದಕ್ಕ ಹಂಗಾಗೇತಿ” ಅಂತ ಅಪ್ಪ ಕೊಬ್ಬರಿ ಎಣ್ಣೆ ತಿಕ್ಕಿದರು. ಎಂಟಕ್ಕೆ ಚಹಾ ಕುಡಿಯುವಾಗ ಬಾಯಿಯ ಎಡ ಮೂಲೆಯಿಂದ ಚಹಾ ಸೋರಿತು. ನಿಶ್ಶಕ್ತಿ ಇರಬೇಕು ಅಂತ ಸಕ್ಕರೆ ನೀರು ಕುಡಿಸಿ ಮಲಗಿಸಿದರು. ಹನ್ನೊಂದೂವರೆಗೆ ಬಚ್ಚಲಿಗೆ ಹೋಗಲು ಎದ್ದವಳು ಗೋಡೆಗೆ ಒರಗಿ ಹಾಗೇ ಕುಸಿದಳು. ಪಕ್ಕದ ಮನೆ ಹುಡುಗ 108ಕ್ಕೆ ಫೋನ್ ಮಾಡಿದ. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಸಿಟಿ ಸ್ಕ್ಯಾನ್ ಆಗುವಾಗ ಮಧ್ಯಾಹ್ನ ಒಂದೂವರೆ.

“ಮೊದಲ ತ್ರಾಸ ಎಷ್ಟಕ್ಕ ಶುರುವಾತ್ರಿ?” ಅಂತ ಡಾಕ್ಟರ್ ಕೇಳಿದರಂತೆ. ಅಪ್ಪ ಆರೂವರೆ ಅಂದರು. ಡಾಕ್ಟರ್ ಒಮ್ಮೆ ಗಡಿಯಾರ ನೋಡಿ, ಏನೂ ಹೇಳದೆ ಬರೆದುಕೊಂಡರು.

ಆ ಮೌನದ ಅರ್ಥ ನನಗೆ ಆಮೇಲೆ ಗೊತ್ತಾಯಿತು. ಮಿದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಇಂಜೆಕ್ಷನ್ ಇದೆ. ಅದನ್ನು ಸಾಮಾನ್ಯವಾಗಿ ಲಕ್ಷಣ ಶುರುವಾದ ನಾಲ್ಕೂವರೆ ತಾಸಿನ ಒಳಗೆ ಕೊಡಬೇಕು. ದೊಡ್ಡ ರಕ್ತನಾಳ ಕಟ್ಟಿಕೊಂಡಿದ್ದರೆ ಕೆಲವರಿಗೆ 24 ತಾಸಿನವರೆಗೂ ನಳಿಕೆ ಹಾಕಿ ಹೆಪ್ಪು ತೆಗೆಯಬಹುದು. ಅವ್ವನದು ಆ ಜಾತಿಯದ್ದಲ್ಲ, ಸಣ್ಣ ನಾಳ. ಚಿಕಿತ್ಸೆ ಸಿಗದಿದ್ದರೆ ಒಂದು ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ ಅಂತ 2006ರಲ್ಲೇ ಲೆಕ್ಕ ಹಾಕಿದ್ದಾರೆ. ನಮ್ಮ ಮನೆಯಲ್ಲಿ ಆ ಹೊತ್ತಿನಲ್ಲಿ ಎಣ್ಣೆ ತಿಕ್ಕುತ್ತಿದ್ದರು.

ಅಪ್ಪನನ್ನು ದೂರಲು ನನಗೆ ಬಾಯಿಲ್ಲ. ಅವ್ವ ಬಿಪಿ ಗುಳಿಗೆ ಬಿಟ್ಟು ಮೂರು ತಿಂಗಳಾಗಿತ್ತು. “ಈಗ ಆರಾಮ ಐತಿ, ಯಾಕ ಬೇಕು” ಅಂತ ನನ್ನ ಹತ್ತಿರವೇ ಅಂದಿದ್ದಳು. ನಾನು ವಿಡಿಯೋ ಕಾಲ್‌ನಲ್ಲಿ ಲ್ಯಾಪ್‌ಟಾಪ್ ನೋಡ್ತಾ “ಹೂಂ” ಅಂದಿದ್ದೆ. ನಾನು ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುವವ. ತಪ್ಪು ಹುಡುಕೋದಕ್ಕೇ ನನಗೆ ಸಂಬಳ.

ಬೆಳಗಿನ ವಂದೇ ಭಾರತ್ ಹೋಗಿಯಾಗಿತ್ತು. ಸಿಕ್ಕ ಬಸ್ ಹಿಡಿದು ರಾತ್ರಿ ಹುಬ್ಬಳ್ಳಿ ತಲುಪಿದಾಗ ಅವ್ವ ಮಲಗಿದ್ದಳು. ಎಡಗೈ ಹಾಸಿಗೆಯ ಮೇಲೆ ಬೇರೆಯವರದ್ದರ ಹಾಗೆ ಬಿದ್ದಿತ್ತು.

ಎಡಗಡೆಯೇ ಇಲ್ಲದ ತಟ್ಟೆ

ಎರಡನೇ ದಿನವೇ ನಾನು ಡಾಕ್ಟರ್ ಬೆನ್ನು ಹತ್ತಿದೆ. “ಬೇಗ ನಡೆಸಿದಷ್ಟು ಒಳ್ಳೇದಂತಲ್ಲ ಸರ್, ಇವತ್ತೇ ಶುರು ಮಾಡೋಣ?” ರಾತ್ರಿಯೆಲ್ಲಾ ಫೋನ್‌ನಲ್ಲಿ ಓದಿದ್ದೆ ನೋಡಿ. ಅವರು ತಾಳ್ಮೆಯಿಂದ ಹೇಳಿದರು. 2015ರಲ್ಲಿ ಪ್ರಕಟವಾದ, ಎರಡು ಸಾವಿರಕ್ಕೂ ಹೆಚ್ಚು ರೋಗಿಗಳ ಒಂದು ದೊಡ್ಡ ಅಧ್ಯಯನದಲ್ಲಿ, ಮೊದಲ 24 ತಾಸಿನೊಳಗೇ ಎಬ್ಬಿಸಿ ಹೆಚ್ಚು ಹೆಚ್ಚು ಹೊತ್ತು ವ್ಯಾಯಾಮ ಮಾಡಿಸಿದವರಿಗೆ ಲಾಭವಾಗಲಿಲ್ಲ, ಮೂರು ತಿಂಗಳ ನಂತರ ಅವರೇ ಸ್ವಲ್ಪ ಹಿಂದೆ ಬಿದ್ದಿದ್ದರು. “ಸ್ವಲ್ಪ ಸ್ವಲ್ಪ ಮಾಡಸೂಣ್ರಿ, ಆದ್ರ ದಿನಕ್ಕ ಭಾಳ ಸಲ. ಅವಸರ ಬ್ಯಾಡ.”

ಮೂರನೇ ದಿನ ಅವ್ವನನ್ನು ಮಂಚದ ಅಂಚಿಗೆ ಕೂರಿಸಿದರು. ಸುಮ್ಮನೆ ಕೂರೋದು, ಅಷ್ಟೇ. ಕೂರಿಸಿದ ಮರುಕ್ಷಣ ಅವ್ವ ಮರ ವಾಲಿದ ಹಾಗೆ ಎಡಕ್ಕೆ ವಾಲಿದಳು. ವಾಲ್ತಿದೀನಿ ಅನ್ನೋದೇ ಅವಳಿಗೆ ಗೊತ್ತಿಲ್ಲ. “ನೆಟ್ಟಗ ಕುಂತೀನಲ್ಲ” ಅಂದಳು. ನಾನು ಹೊರಗೆ ಬಂದು ಕಾರಿಡಾರ್‌ನಲ್ಲಿ ನಿಂತುಬಿಟ್ಟೆ.

ಊಟದಲ್ಲೂ ಹಾಗೇ. ತಟ್ಟೆಯ ಬಲಭಾಗದ ಅನ್ನ ಖಾಲಿಯಾಗೋದು, ಎಡಭಾಗದಲ್ಲಿ ಬಡಿಸಿದ ಶೇಂಗಾ ಚಟ್ನಿ ಹಾಗೇ ಉಳಿಯೋದು. ಶೇಂಗಾ ಚಟ್ನಿ ಇಲ್ಲದೆ ತುತ್ತು ಎತ್ತದವಳು ನಮ್ಮವ್ವ. ಕಣ್ಣಿಗೆ ಏನೂ ಆಗಿರಲಿಲ್ಲ. ಮಿದುಳಿನ ಬಲಭಾಗಕ್ಕೆ ಪೆಟ್ಟು ಬಿದ್ದಾಗ ಕೆಲವರಿಗೆ ಎಡಗಡೆಯ ಜಗತ್ತೇ ಲೆಕ್ಕಕ್ಕೆ ಬರೋದಿಲ್ಲವಂತೆ. ತಟ್ಟೆಯ ಎಡಭಾಗ, ಕೋಣೆಯ ಎಡಗೋಡೆ, ಸ್ವಂತ ಎಡಗೈ, ಯಾವುದೂ.

ಫಿಜಿಯೋಥೆರಪಿಸ್ಟ್ ಮೇಡಂ ಬಂದು ಮೊದಲು ಮಾಡಿದ ಕೆಲಸ, ನನ್ನ ಕುರ್ಚಿಯನ್ನು ಅವ್ವನ ಬಲಗಡೆಯಿಂದ ಎತ್ತಿ ಎಡಗಡೆ ಇಟ್ಟಿದ್ದು. “ಮಾತಾಡೋದಿದ್ರ ಈ ಕಡಿಂದ ಮಾತಾಡ್ರಿ. ಫೋನು, ನೀರು, ಎಲ್ಲಾ ಈ ಕಡೆ ಇಡ್ರಿ. ಅಮ್ಮಾರು ತಾವ ಹೊಳ್ಳಿ ನೋಡಬೇಕು.” ಎರಡನೇ ಮಾತು, “ಎಬ್ಬಿಸುವಾಗ ಈ ಕೈ ಹಿಡಿದು ಎಳಿಬ್ಯಾಡ್ರಿ.” ಸ್ನಾಯುಗಳಿಗೆ ಬಿಗಿ ಇಲ್ಲದಾಗ ತೋಳು ಎಳೆದರೆ ಭುಜದ ಕೀಲು ಜಾರುತ್ತದೆ. ಆ ನೋವು ಬಂದರೆ ಕೈ ವಾಪಸ್ ಬರೋದೇ ಕಷ್ಟ. ನಾವು ಮೂರು ದಿನದಿಂದ ಅದೇ ಕೈ ಹಿಡಿದು ಎಬ್ಬಿಸುತ್ತಿದ್ದೆವು.

ನೋಡಲು ಬಂದವರೆಲ್ಲ ಒಂದೊಂದು ಔಷಧ ಹೇಳಿ ಹೋಗ್ತಿದ್ದರು. “ಲಕ್ವಾ ಹೊಡದ್ರ ಇಂಗ್ಲಿಷ್ ಔಷಧಿ ನಡಿಯಂಗಿಲ್ಲ, ಪಾರಿವಾಳದ ರಕ್ತ ಹಚ್ರಿ” ಅಂದವರೂ ಇದ್ದರು. ಮೇಡಂ ಯಾರ ಜೊತೆಗೂ ವಾದ ಮಾಡಲಿಲ್ಲ. ಅಪ್ಪನಿಗೆ ಇಷ್ಟೇ ಅಂದರು: “ಸತ್ತ ನರ ಹೊಳ್ಳಿ ಬರಂಗಿಲ್ರಿ. ಉಳದ ನರಕ್ಕ ಅದರ ಕೆಲಸ ಕಲಸಬೇಕು. ಹೊಸಾ ಮನಷ್ಯಾಗ ಡ್ಯೂಟಿ ಕಲಸಿದಂಗ. ದಿನಾ ಕಲಸಬೇಕು.” ಮೂವತ್ತು ವರ್ಷ ಕ್ಲರ್ಕ್ ಆಗಿದ್ದ ಅಪ್ಪನಿಗೆ ಅದು ಚೆನ್ನಾಗಿ ಅರ್ಥವಾಯಿತು.

ಫರ್ಸಿ ಮೇಲಿನ ಪಾಠ

ಎಂಟು ದಿನಕ್ಕೆ ಮನೆಗೆ ಬಂದೆವು. ಆಫೀಸಿನಲ್ಲಿ ಬೇಡಿ ವರ್ಕ್ ಫ್ರಮ್ ಹೋಮ್ ತಗೊಂಡೆ. ಮೇಡಂ ವಾರಕ್ಕೆ ನಾಲ್ಕು ದಿನ ಮನೆಗೆ ಬರ್ತಿದ್ದರು, ಸಲಕ್ಕೆ 500 ರೂಪಾಯಿ. ಉಳಿದ ದಿನ, ಉಳಿದ ಹೊತ್ತು, ನಾವೇ.

ಮೊದಲ ಪಾಠ ಏಳೋದು. ನಾನು, ನೀವು ದಿನಕ್ಕೆ ಹತ್ತಾರು ಸಲ ಕುರ್ಚಿಯಿಂದ ಏಳ್ತೀವಿ, ಹೇಗೆ ಅಂತ ಒಂದು ಸಲವೂ ಯೋಚಿಸಿರಲ್ಲ. “ಅಮ್ಮಾರ, ಹಿಮ್ಮಡಿ ಹಿಂದಕ್ಕ ತಗೋರಿ. ಈಗ ಮುಂದ ಬಗ್ರಿ. ಮೂಗು ಕಾಲ್ಬೆರಳ ಮ್ಯಾಲ ಬರಬೇಕು. ಹಂಗ ಬಂದ್ರ ಸೊಂಟ ತಾನ ಏಳತೈತಿ.” ನೀವೂ ಒಮ್ಮೆ ಬೆನ್ನು ನೆಟ್ಟಗಿಟ್ಟು, ಮುಂದೆ ಬಗ್ಗದೆ ಕುರ್ಚಿಯಿಂದ ಏಳಲು ನೋಡಿ. ಆಗೋದಿಲ್ಲ.

ಎರಡನೇ ಪಾಠ ಭಾರ. ಅವ್ವ ನಿಂತಾಗ ಇಡೀ ಮೈಯನ್ನು ಬಲಗಾಲಿನ ಮೇಲೆ ಹಾಕಿ ಎಡಗಾಲನ್ನು ನೆಲಕ್ಕೆ ತಾಗಿಸಿ ಮಾತ್ರ ಇಡ್ತಿದ್ದಳು. “ಒಳ್ಳೇ ಕಾಲಿಗೆ ಎಲ್ಲಾ ಕೆಲಸ ಕೊಟ್ರ ಈ ಕಾಲು ರಜಾ ಹಾಕ್ತೈತ್ರಿ. ಈ ಕಾಲಿನ ಮ್ಯಾಲ ನಂಬಿಕಿ ಇಡ್ರಿ” ಅಂತ ಮೇಡಂ ನಿಲುವುಗನ್ನಡಿ ಮುಂದೆ ನಿಲ್ಲಿಸಿ ಎಡಕ್ಕೆ ತೂಗಿಸೋರು, ಬಲಕ್ಕೆ ತೂಗಿಸೋರು. ಸಮತೋಲನ ಅಂದರೆ ಅಲುಗಾಡದೆ ನಿಲ್ಲೋದು ಅಂದುಕೊಂಡಿದ್ದೆ. ಅಲ್ಲ. ಕಣ್ಣು, ಒಳಗಿವಿ, ಅಂಗಾಲು, ಕೀಲುಗಳು ಕಳಿಸುವ ಸುದ್ದಿ ಕೇಳ್ತಾ ಮಿದುಳು ಕ್ಷಣಕ್ಷಣಕ್ಕೂ ಬೀಳೋದನ್ನು ತಪ್ಪಿಸ್ತಾ ಇರೋದೇ ಸಮತೋಲನ. ಅವ್ವನ ಎಡ ಅಂಗಾಲಿನ ಸುದ್ದಿ ಅರ್ಧಂಬರ್ಧ ಬರ್ತಿತ್ತು. ಅದಕ್ಕೇ ಚಪ್ಪಲಿ ಇಲ್ಲದೆ ಗೋಣಿಚೀಲದ ಮೇಲೆ, ಚಾಪೆ ಮೇಲೆ, ತಣ್ಣಗಿನ ನೆಲದ ಮೇಲೆ ನಿಲ್ಲಿಸೋರು.

ನಮ್ಮದು ಹಳೇ ಮನೆ, ಶಹಾಬಾದಿ ಫರ್ಸಿ ಹಾಕಿದ ನೆಲ. ಮಲಗುವ ಕೋಣೆಯ ಹೊಸ್ತಿಲಿನಿಂದ ಅಡುಗೆಮನೆ ಹೊಸ್ತಿಲಿನವರೆಗೆ ಹನ್ನೊಂದು ಫರ್ಸಿ. ಅದೇ ಅವ್ವನ ಮೈದಾನ. ಎಡ ಪಾದದ ಮುಂಭಾಗ ಕೆಳಗೆ ಜೋತು ಬೀಳ್ತಿದ್ದರಿಂದ ಬೂಟಿನ ಒಳಗೆ ಒಂದು ಪ್ಲಾಸ್ಟಿಕ್ ಪಟ್ಟಿ ಕೊಟ್ಟರು. ಹೊಸ್ತಿಲು, ಮೆಟ್ಟಿಲು ದಾಟಲು ಒಂದು ಸೂತ್ರ: ಹತ್ತುವಾಗ ಒಳ್ಳೇ ಕಾಲು ಮೊದಲು, ಇಳಿಯುವಾಗ ಸೋತ ಕಾಲು ಮೊದಲು. ಅಪ್ಪ ಅದನ್ನು ಬಿಳಿ ಹಾಳೆಯಲ್ಲಿ ಬರೆದು ಕ್ಯಾಲೆಂಡರ್ ಪಕ್ಕ ಅಂಟಿಸಿದರು.

ಎರಡು ಪರೀಕ್ಷೆಗಳಿದ್ದವು. ಒಂದರಲ್ಲಿ ಕುರ್ಚಿಯಿಂದ ಎದ್ದು, 3 ಮೀಟರ್ ನಡೆದು, ಹೊಳ್ಳಿ ಬಂದು ಕೂರಬೇಕು. ಜಗತ್ತಿನಲ್ಲೇ ಅತಿ ಉದ್ದ ಅಂತ ನಾವು ಹೆಮ್ಮೆಯಿಂದ ಹೇಳಿಕೊಳ್ಳೋ ಹುಬ್ಬಳ್ಳಿ ರೈಲ್ವೆ ಪ್ಲಾಟ್‌ಫಾರ್ಮ್ 1507 ಮೀಟರ್ ಇದೆ. ಅವ್ವನ 3 ಮೀಟರ್‌ಗೆ ಮೊದಲ ಸಲ 58 ಸೆಕೆಂಡ್ ಹಿಡಿಯಿತು. ಇನ್ನೊಂದು ಬರ್ಗ್ ಅನ್ನೋರ ಹೆಸರಿನ ಸಮತೋಲನ ಪರೀಕ್ಷೆ. ಒಟ್ಟು 14 ಕೆಲಸ, ಒಂದೊಂದಕ್ಕೆ ನಾಲ್ಕರವರೆಗೆ ಅಂಕ, ಒಟ್ಟು 56. ಹಿಡಿದುಕೊಳ್ಳದೆ ಎರಡು ನಿಮಿಷ ನಿಲ್ಲೋದು, ಕಣ್ಣು ಮುಚ್ಚಿ ಹತ್ತು ಸೆಕೆಂಡ್ ನಿಲ್ಲೋದು, ನೆಲದ ಮೇಲಿನ ವಸ್ತು ಎತ್ತಿಕೊಳ್ಳೋದು, ಒಂದು ಸುತ್ತು ತಿರುಗೋದು, ಹೀಗೆ. ಅವ್ವ ಮೊದಲ ಸಲ ತಗೊಂಡದ್ದು 19. “ಪಾಸಿಗೆ ಎಷ್ಟು ಬೇಕು?” ಅಂತ ಅಪ್ಪ ಕೇಳಿದರು. ಪಾಸು-ಫೇಲು ಇಲ್ಲ, ಆದರೆ 45ಕ್ಕಿಂತ ಕಡಿಮೆ ಇದ್ದವರು ಬೀಳೋ ಸಾಧ್ಯತೆ ಜಾಸ್ತಿ ಅಂತ ಲೆಕ್ಕ ಇದೆ ಅಂದರು ಮೇಡಂ.

ನಡುವೆ ಒಂದು ವಾರ ಅವ್ವ ಮಾತೇ ಬಿಟ್ಟಳು. ವ್ಯಾಯಾಮ ಬೇಡ, ಊಟ ಬೇಡ, ಗೋಡೆ ಕಡೆ ಮುಖ. “ನನಗ ಯಾಕ ಉಳಿಸಿದ್ರಿ” ಅಂತ ಒಮ್ಮೆ ಅಂದಳು. ನಾವು ಅದನ್ನು ಹಟ ಅಂದುಕೊಂಡೆವು. ಡಾಕ್ಟರ್‌ಗೆ ಹೇಳಿದಾಗ, ಪಾರ್ಶ್ವವಾಯು ಆದವರಲ್ಲಿ ಮೂವರಿಗೆ ಒಬ್ಬರಷ್ಟು ಜನಕ್ಕೆ ಖಿನ್ನತೆ ಬರುತ್ತದೆ, ಅದಕ್ಕೂ ಔಷಧ ಇದೆ ಅಂದರು. ಗುಳಿಗೆ ಶುರುವಾಯಿತು. ನಿಮ್ಮ ಮನೆಯಲ್ಲಿ ಯಾರಿಗಾದರೂ ಹೀಗಾದರೆ, ದಯವಿಟ್ಟು ಅದನ್ನು ಹಟ ಅನ್ನಬೇಡಿ.

ಆರು ವಾರ ಕಳೆಯುವಷ್ಟರಲ್ಲಿ ಅಂಕ 34ಕ್ಕೆ ಬಂತು. ಅವ್ವ ಕೋಲು ಹಿಡಿದು, ನನ್ನ ಕೈ ಹಿಡಿದು, ಅಡುಗೆಮನೆಯವರೆಗೆ ಹೋಗಿ ಬರ್ತಿದ್ದಳು.

ಎಳ್ಳಮವಾಸಿ ಮುನ್ನಾದಿನ

ನಮ್ಮ ಕಡೆ ಎಳ್ಳಮವಾಸಿ ಅಂದರೆ ಹೊಲಕ್ಕೆ ಹೋಗಿ ಚರಗ ಚೆಲ್ಲೋ ಹಬ್ಬ. ಅದರ ಹಿಂದಿನ ದಿನ ಮನೆ ತುಂಬಾ ಸಜ್ಜಿ ರೊಟ್ಟಿ, ಕಡಬು, ಪಲ್ಯದ ವಾಸನೆ ಇರಬೇಕು. ಈ ಸಲ ಇರಲಿಲ್ಲ. ಅಪ್ಪ ಖಾನಾವಳಿಯಿಂದ ರೊಟ್ಟಿ ತರಲು ಹೋಗಿದ್ದರು. ನಾನು ಪಕ್ಕದ ಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಮೀಟಿಂಗ್‌ನಲ್ಲಿದ್ದೆ.

ಧಡ್ ಅನ್ನೋ ಸದ್ದು ಹೆಡ್‌ಫೋನ್ ದಾಟಿ ಬಂತು.

ಅವ್ವ ಅಡುಗೆಮನೆ ಹೊಸ್ತಿಲಿನ ಹತ್ತಿರ ಬಿದ್ದಿದ್ದಳು. “ಅವ್ವಾ!” ಅಂತ ನಾನು ಕೂಗಿದ್ದನ್ನು ಮೀಟಿಂಗ್‌ನಲ್ಲಿದ್ದ ಹನ್ನೆರಡು ಜನ ಕೇಳಿದರಂತೆ. ಎತ್ತಿ ಕೂರಿಸಿದಾಗ ಅವಳು ಅಳ್ತಿರಲಿಲ್ಲ, ನಾಚಿಕೊಂಡಿದ್ದಳು. “ಹಬ್ಬದ ದಿನ ಒಲಿ ತಣ್ಣಗ ಇರಬಾರದಲ್ಲೋ, ಹಂಚು ಇಡೋಣು ಅಂತ ಎದ್ದೆ” ಅಂದಳು.

ಎಕ್ಸ್‌ರೇ ತೆಗೆಸಿದೆವು. ಮೂಳೆ ಮುರಿದಿರಲಿಲ್ಲ. ಎಡ ತೊಡೆ ಮೇಲೆ ಅಂಗೈಯಷ್ಟು ನೀಲಿ.

ಅವತ್ತಿಂದ ನಾನು ಮನೆಯಲ್ಲಿ ಕಾನೂನು ಮಾಡಿದೆ. ಅವ್ವ ಒಬ್ಬಳೇ ಏಳಂಗಿಲ್ಲ. ಏಳಬೇಕಾದರೆ ದೇವರ ಗಂಟೆ ಬಾರಿಸಬೇಕು. ಬಚ್ಚಲಿಗೆ ನಡೆಯೋದು ಬೇಡ ಅಂತ ಕಮೋಡ್ ಕುರ್ಚಿಯನ್ನು ಕೋಣೆಗೇ ತಂದೆ. ನಡೆಯುವಾಗ ನಾನು ಒಂದು ಕಡೆ, ಅಪ್ಪ ಒಂದು ಕಡೆ, ಇಬ್ಬರೂ ರಟ್ಟೆ ಹಿಡಿದು ಮೆರವಣಿಗೆ. ತಲೆ ಬಾಚೋದು, ಗುಂಡಿ ಹಾಕೋದು, ಅನ್ನ ಕಲಸಿ ಕೊಡೋದು ಎಲ್ಲಾ ನಾವೇ. ಪ್ರೀತಿ ಅಂದರೆ ಇದೇ ಅಂದುಕೊಂಡಿದ್ದೆ. ಅವ್ವನೂ ಏನೂ ಅನ್ನಲಿಲ್ಲ. ಬಿದ್ದ ಮೇಲೆ ಅವಳಿಗೂ ಅಂಜಿಕೆ ಹೊಕ್ಕಿತ್ತು.

ಎರಡು ವಾರದ ಮೇಲೆ ಅಂಕ ನೋಡಿದರೆ 31. ಹಿಂದಕ್ಕೆ ಹೋಗಿತ್ತು.

ಮೇಡಂ ಹಾಳೆ ಮಡಚಿಟ್ಟು ನನ್ನನ್ನು ಪಡಸಾಲೆಗೆ ಕರೆದರು. “ಸರ್, ಅಮ್ಮಾರಿಗೆ ಲಕ್ವಾ ಆಗೇತಿ. ನಿಮಗ ಅಂಜಿಕಿ ಆಗೇತಿ. ಇಬ್ಬರಿಗೂ ನಾ ಒಬ್ಬಾಕಿನ ಥೆರಪಿ ಕೊಡಾಕ ಆಗಂಗಿಲ್ಲ” ಅಂದರು.

ನನಗೆ ಸಿಟ್ಟು ಬಂತು. ಅವರು ಬಿಡಿಸಿ ಹೇಳಿದರು. ಬೀಳೋ ಭಯಕ್ಕೆ ಓಡಾಟ ಕಡಿಮೆ ಆಗುತ್ತೆ, ಓಡಾಡದೆ ಕಾಲು ಸೋಲುತ್ತೆ, ಕಾಲು ಸೋತರೆ ಮತ್ತೆ ಬೀಳ್ತಾರೆ. ಕೈಯದ್ದೂ ಅಷ್ಟೇ. ಅಮೆರಿಕದ ಎಡ್ವರ್ಡ್ ಟಾಬ್ ಅನ್ನೋ ವಿಜ್ಞಾನಿ ಮಂಗಗಳಲ್ಲಿ ತೋರಿಸಿದ್ದಾರಂತೆ: ಸ್ಪರ್ಶ ಕಳೆದುಕೊಂಡ ಕೈಯನ್ನು ಮಂಗ ಬಳಸೋದು ಬಿಡುತ್ತೆ, ಬಿಟ್ಟು ಬಿಟ್ಟು ಆ ಕೈ ಇದೆ ಅನ್ನೋದನ್ನೇ ಮರೆಯುತ್ತೆ. ಬಳಸಲು ಸಾಧ್ಯವಾದ ಮೇಲೂ ಬಳಸೋದಿಲ್ಲ. ಆದರೆ ಒಳ್ಳೇ ಕೈ ಕಟ್ಟಿಹಾಕಿದರೆ ಮತ್ತೆ ಬಳಸುತ್ತೆ. “ಅನ್ನ ನೀವ ಕಲಸಿಕೊಟ್ರ ಅವರ ಎಡಗೈ ಯಾವಾಗ ತಾಟು ಹಿಡೀಬೇಕ್ರಿ?”

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ನಮ್ಮ ಭಾಷೆಯಲ್ಲಿ ‘ಕೈ ಬಿಟ್ಟ’ ಅಂದರೆ ದೊಡ್ಡ ಬೈಗುಳ. ಅವ್ವ-ಅಪ್ಪನ ಕೈ ಬಿಟ್ಟವ ಅಂದರೆ ಮುಗೀತು, ಊರಲ್ಲಿ ತಲೆ ಎತ್ತಂಗಿಲ್ಲ. ಬೆಂಗಳೂರಿಗೆ ಹೋಗಿ ಹತ್ತು ವರ್ಷ ಆಗಿರೋ ನನ್ನೊಳಗೆ ಆ ಮಾತು ಮೊದಲಿಂದಲೂ ಚುಚ್ಚುತ್ತಿತ್ತು. ಈಗ ಸಿಕ್ಕಿದ ಕೈಯನ್ನು ಗಟ್ಟಿಯಾಗಿ ಹಿಡಿದುಬಿಟ್ಟಿದ್ದೆ. ಆ ಹಿಡಿತ ಅವ್ವನಿಗಾಗಿ ಎಷ್ಟು, ನನಗಾಗಿ ಎಷ್ಟು ಅಂತ ಆ ರಾತ್ರಿ ಕೇಳಿಕೊಂಡೆ. ಉತ್ತರ ಹಿತವಾಗಿರಲಿಲ್ಲ.

ಹನ್ನೊಂದು ಫರ್ಸಿ

ಮರುದಿನದಿಂದ ತರಬೇತಿ ನನಗೆ ಶುರುವಾಯಿತು. ಎಲ್ಲಿ ನಿಲ್ಲಬೇಕು? ಸೋತ ಕಾಲಿನ ಕಡೆ, ಅರ್ಧ ಹೆಜ್ಜೆ ಹಿಂದೆ. ಏನು ಹಿಡೀಬೇಕು? ಕೈಯಲ್ಲ, ರಟ್ಟೆಯಲ್ಲ. ಸೊಂಟಕ್ಕೆ ಒಂದು ಅಗಲದ ಪಟ್ಟಿ ಕಟ್ಟಿ, ಅದರ ಹತ್ತಿರ ನನ್ನ ಕೈ ಇರಬೇಕು, ಹಿಡೀಬಾರದು. ವಾಲಿದರೆ ಮಾತ್ರ ಹಿಡೀಬೇಕು. ಮೊದಲ ಎರಡು ದಿನ ಅವ್ವ ಒಂದು ಹೆಜ್ಜೆ ಇಟ್ಟರೆ ನನ್ನ ಕೈ ತಾನೇ ಹೋಗಿ ಪಟ್ಟಿ ಹಿಡೀತಿತ್ತು. “ಬಿಡ್ರಿ ಸರ್” ಅಂತ ಮೇಡಂ ಅನ್ನೋರು. ಬಿಡ್ತಿದ್ದೆ. ಮತ್ತೆ ಹಿಡೀತಿದ್ದೆ.

ಮನೆಯನ್ನೂ ತಿದ್ದಿದೆವು. ಬಚ್ಚಲಲ್ಲಿ ಗೋಡೆಗೆ ಹಿಡಿಕೆ ಹಾಕಿಸಿದೆವು. ಜಾರೋ ಕಾಲೊರಸು ತೆಗೆದೆವು. ರಾತ್ರಿ ಸಣ್ಣ ದೀಪ. ಕಮೋಡ್ ಕುರ್ಚಿ ಅಟ್ಟಕ್ಕೆ ಹೋಯಿತು.

ಎಲ್ಲಕ್ಕಿಂತ ಮುಖ್ಯವಾದ ಪಾಠ ಬೇರೆಯೇ ಇತ್ತು, ಬಿದ್ದರೆ ಏಳೋದು. ಮೇಡಂ ಚಾಪೆ ಹಾಸಿ ಅವ್ವನನ್ನು ಬೇಕಂತಲೇ ನೆಲಕ್ಕೆ ಕೂರಿಸಿದರು. ಒಳ್ಳೇ ಮಗ್ಗುಲಿಗೆ ಹೊರಳಬೇಕು, ಮೊಣಕಾಲೂರಬೇಕು, ಗಟ್ಟಿ ಕುರ್ಚಿಗೆ ಬಲಗೈ ಕೊಡಬೇಕು, ಬಲಪಾದ ಮುಂದಿಟ್ಟು ಏಳಬೇಕು. ಮೊದಲ ಸಲ ಹತ್ತು ನಿಮಿಷ ಹಿಡಿಯಿತು. ನಡುವೆ ಸೀರೆ ಸಿಕ್ಕಿಹಾಕಿಕೊಂಡು ಅವ್ವನಿಗೆ ನಗು ಬಂತು. ಎರಡು ತಿಂಗಳಲ್ಲಿ ಅದೇ ಮೊದಲು ಅವಳು ನಕ್ಕಿದ್ದು.

ಹತ್ತು ದಿನ ಕಳೆದ ಮೇಲೆ ಒಂದು ಸಂಜೆ ಅವ್ವ ಕೋಣೆಯ ಹೊಸ್ತಿಲ ಹತ್ತಿರ ನಿಂತಳು. ಕೋಲನ್ನು ಗೋಡೆಗೆ ಒರಗಿಸಿದಳು. ನಾನು ಓಡಿ ಹೋಗಿ ಪಟ್ಟಿ ಹಿಡಿದೆ.

“ಕೈ ಬಿಡೋ, ನಾ ಬೀಳಂಗಿಲ್ಲ” ಅಂದಳು.

ಬಿಡಲಿಲ್ಲ. ಅವಳು ತಿರುಗಿ ನೋಡಿದಳು. “ಬಿದ್ರ ಏಳಾಕ ಬರತೈತಿ ಈಗ. ಬಿಡು.”

ಬಿಟ್ಟೆ. ಒಂದು ಫರ್ಸಿ. ಎರಡು. ಎಡಗಾಲನ್ನು ಸ್ವಲ್ಪ ಅರ್ಧಚಂದ್ರದ ಹಾಗೆ ಬೀಸಿ ಇಡ್ತಿದ್ದಳು. ಐದನೇದಕ್ಕೆ ತೂಗಾಡಿದಳು. ನನ್ನ ಕೈ ಮುಂದೆ ಹೋಯಿತು. ಅವಳು ನಿಂತಳು, ಭಾರವನ್ನು ಎಡಗಾಲಿನ ಮೇಲೆ ತಗೊಂಡಳು, ಸರಿಯಾದಳು. ಹನ್ನೊಂದನೇ ಫರ್ಸಿ ಮುಟ್ಟಿ ಅಡುಗೆಮನೆ ಬಾಗಿಲ ಚೌಕಟ್ಟು ಹಿಡಿದಾಗ, ಒಳಗೆ ಚಹಾ ಸೋಸ್ತಿದ್ದ ಅಪ್ಪ ಸೋಸೋದನ್ನೇ ಮರೆತು ನಿಂತಿದ್ದರು. “ಚಾ ಚೆಲ್ಲಾಕತ್ತೇತಿ, ಅಲ್ಲಿ ನೋಡ್ರಿ” ಅಂದಳು ಅವ್ವ.

ಎಣಿಸಿದ ಬಡಿತ

“ಅಮ್ಮಾರ, ನಿಮಗ ಏನು ಮಾಡಬೇಕು ಅನಸತೈತಿ?” ಅಂತ ಮೇಡಂ ಕೇಳಿದಾಗ ಅವ್ವ ಯೋಚನೆ ಮಾಡದೆ “ರೊಟ್ಟಿ ಬಡೀಬೇಕು” ಅಂದಳು. ಹಾಗಾಗಿ ಥೆರಪಿ ಅಡುಗೆಮನೆಗೆ ಹೋಯಿತು.

ಆಗ ಒಂದು ವಿಷಯ ಓದಿದೆ. 2009ರ ಒಂದು ಅಮೆರಿಕನ್ ಅಧ್ಯಯನದಲ್ಲಿ, ಪಾರ್ಶ್ವವಾಯು ಆದವರಿಗೆ ಒಂದು ಥೆರಪಿ ಸೆಷನ್‌ನಲ್ಲಿ ಕೈಯಿಂದ ಉಪಯುಕ್ತ ಕೆಲಸ ಮಾಡಿಸೋದು ಸರಾಸರಿ 32 ಸಲ ಮಾತ್ರ ಅಂತ ಗೊತ್ತಾಯಿತಂತೆ. ಪ್ರಾಣಿಗಳ ಪ್ರಯೋಗಗಳಲ್ಲಿ ಮಿದುಳು ಹೊಸ ದಾರಿ ಕಂಡುಕೊಳ್ಳಲು ನೂರಾರು ಸಲ ಮಾಡಿಸ್ತಾರೆ. ಹಾಗಾದರೆ ಒಂದು ರೊಟ್ಟಿಗೆ ಎಷ್ಟು ಬಡಿತ? ಪಕ್ಕದ ಮನೆ ಕಾಕೂ ರೊಟ್ಟಿ ಬಡಿಯುವಾಗ ಕೂತು ಎಣಿಸಿದೆ. ಎಂಬತ್ತರ ಮೇಲೆ. ಹತ್ತು ರೊಟ್ಟಿಗೆ ಎಂಟುನೂರು! ಅದೂ ಎರಡೂ ಕೈ ಬೇಕು. ಬಲಗೈ ಬಡಿದರೆ ಎಡಗೈ ಅಂಚು ಸರಿಮಾಡ್ತಾ ತಿರುಗಿಸಬೇಕು. ಕಟ್ಟೆ ಮುಂದೆ ನಿಂತು ಮಾಡೋದರಿಂದ ಭಾರ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ತೂಗುತ್ತಲೇ ಇರುತ್ತೆ. ಮೇಡಂಗೆ ಹೇಳಿದೆ. “ಹೌದಲ್ರಿ, ಇದನ್ನ ನಾ ಕಾಲೇಜಿನ್ಯಾಗ ಓದಿರಲಿಲ್ಲ” ಅಂತ ನಕ್ಕರು.

ಮೊದಲು ನಾದೋದು ಮಾತ್ರ. ಎಡಗೈ ಮೇಲೆ ಬಲಗೈ ಇಟ್ಟು ಹಿಟ್ಟು ಒತ್ತೋದು. ಎಡಗೈ ಬೆರಳುಗಳು ಮುಷ್ಟಿಯಾಗಿ ಬಿಗೀತಿದ್ದವು, ಬಿಡಿಸಿ ಬಿಡಿಸಿ ಹಿಟ್ಟಿನ ಮೇಲೆ ಇಡ್ತಿದ್ದಳು. ಎರಡು ವಾರದ ಮೇಲೆ ಬಡಿಯೋದು. ಆ ಕೈಗೆ ಬಿಸಿ ಸರಿಯಾಗಿ ಗೊತ್ತಾಗದ ಕಾರಣ ಹಂಚಿನ ಹತ್ತಿರ ಹೋಗಂಗಿಲ್ಲ ಅಂತ ಮೇಡಂ ಕಟ್ಟುನಿಟ್ಟು ಮಾಡಿದ್ದರು. ಬೇಯಿಸೋ ಕೆಲಸ ಅಪ್ಪನದು. ಮೊದಲ ರೊಟ್ಟಿ ಮೂರು ಕಡೆ ಹರಿದಿತ್ತು. “ಇದು ರೊಟ್ಟಿ ಅಲ್ಲ, ಕರ್ನಾಟಕದ ನಕಾಶಿ” ಅಂದರು ಅಪ್ಪ. “ನಕಾಶಿ ಸುಡಬ್ಯಾಡ್ರಿ, ಹೊಳ್ಳಿ ಹಾಕ್ರಿ” ಅಂದಳು ಅವ್ವ.

ಎಲ್ಲವೂ ಮೊದಲಿನ ಹಾಗಾಯಿತು ಅಂತ ಬರೆದರೆ ಸುಳ್ಳಾಗುತ್ತೆ. ಮೊದಲ ಮೂರು ತಿಂಗಳಲ್ಲಿ ಸುಧಾರಣೆ ಬೇಗ ಬೇಗ ಕಾಣುತ್ತೆ, ಆಮೇಲೆ ನಿಧಾನ. ನಿಧಾನ ಆಗುತ್ತೆ ಅಷ್ಟೇ, ನಿಲ್ಲೋದಿಲ್ಲ. ಸಂಜೆ ದಣಿದಾಗ ಎಡ ಪಾದ ಈಗಲೂ ನೆಲ ಸವರುತ್ತೆ. ಎಡಗೈಯಲ್ಲಿ ಸೀರೆ ನಿರಿಗೆ ಹಿಡಿಯಲು ಬರೋದಿಲ್ಲ. ಮಾರ್ಚ್ ಕೊನೆಯಲ್ಲಿ ಬರ್ಗ್ ಅಂಕ 47, ಆ 3 ಮೀಟರ್‌ಗೆ 17 ಸೆಕೆಂಡ್.

ಆ ತಿಂಗಳು ಹುಬ್ಬಳ್ಳಿಗೆ ತೋರಿಸಲು ಹೋಗುವಾಗ ಅವ್ವ ಕಾರು ಬೇಡ, ಚಿಗರಿ ಬಸ್ಸಿಗೆ ಹೋಗೋಣ ಅಂದಳು. ಜುಬಿಲಿ ಸರ್ಕಲ್‌ನಲ್ಲಿ ಹತ್ತಿದೆವು. ನಿಲ್ದಾಣದ ನೆಲ, ಬಸ್ಸಿನ ನೆಲ ಒಂದೇ ಮಟ್ಟ, ಮೆಟ್ಟಿಲಿಲ್ಲ. ನಡುವೆ ಒಂದು ಸಂದು ಮಾತ್ರ. ಅವ್ವ ಅದನ್ನು ನೋಡಿ ನಿಂತಳು. ಹಿಂದೆ ನಿಂತ ಕಾಲೇಜು ಹುಡುಗರು ಗಡಿಬಿಡಿ ಮಾಡಲಿಲ್ಲ. ನಾನು ಅರ್ಧ ಹೆಜ್ಜೆ ಹಿಂದೆ, ಕೈ ಪಟ್ಟಿಯ ಹತ್ತಿರ, ಹಿಡಿಯದೆ. ದಾಟಿದಳು. ಸೀಟಿನಲ್ಲಿ ಕೂತ ಮೇಲೆ ತಾನೇ ಎಡಕ್ಕೆ ಹೊಳ್ಳಿ ಕಿಟಕಿಯಾಚೆ ನೋಡಿದಳು. ಆಸ್ಪತ್ರೆಯಲ್ಲಿ ಎಡಭಾಗದ ಚಟ್ನಿಯೇ ಕಾಣದಿದ್ದವಳು. ನನಗೆ ಆ ಹೊಳ್ಳಿ ನೋಡಿದ್ದೇ ದೊಡ್ಡದು ಅನಿಸಿತು.

ಫೋನ್ ಹಿಡಿದು ಇದನ್ನು ಓದ್ತಿರೋ ನಿಮಗೆ ಒಂದೇ ಮಾತು. ಮನೆಯಿಂದ ದೂರ ಇದ್ದೀವಿ ಅಂತ ನಾವೆಲ್ಲ ವಿಡಿಯೋ ಕಾಲ್ ಮಾಡ್ತೀವಿ. ಮಾಡಿದಾಗ ಮುಖ ನೋಡಿ. ನಕ್ಕಾಗ ಬಾಯಿ ಒಂದು ಕಡೆ ಜಾರಿದರೆ, ಎರಡೂ ಕೈ ಎತ್ತಿದಾಗ ಒಂದು ಕೆಳಗಿಳಿದರೆ, ಮಾತು ತೊದಲಿದರೆ, ಇದ್ದಕ್ಕಿದ್ದಂತೆ ತೂಕ ತಪ್ಪಿದರೆ, ಎಣ್ಣೆ ಬೇಡ, ಸಕ್ಕರೆ ನೀರು ಬೇಡ, ‘ಸ್ವಲ್ಪ ಅಡ್ಡಾಗು’ ಬೇಡ. ಗಡಿಯಾರ ನೋಡಿ, 108ಕ್ಕೆ ಫೋನ್ ಮಾಡಿ, ಸ್ಕ್ಯಾನ್ ಇರುವ ಆಸ್ಪತ್ರೆಗೆ ಹೋಗಿ. ಮತ್ತೆ, ಬಿಪಿ ಗುಳಿಗೆ ಡಬ್ಬಿ ಒಮ್ಮೆ ತೋರಿಸು ಅಂತ ಕೇಳಿ.

ಯುಗಾದಿ ಮುಗಿದ ಎರಡನೇ ದಿನ ನಾನು ಬೆಂಗಳೂರಿಗೆ ಹೊರಟೆ. “ಇನ್ನೊಂದು ತಿಂಗಳು ಇರಲಾ?” ಅಂತ ಕೇಳಿದ್ದೆ. “ನೀ ಇದ್ರ ನಾ ಗಂಟಿ ಬಾರಸ್ತೀನಿ. ಹೋಗು” ಅಂದಳು. ಅವ್ವ ಬಾಗಿಲಿಗೆ ಬಂದು, ಎಡಗಾಲು ಮೊದಲಿಟ್ಟು, ತಲೆಬಾಗಿಲ ಹೊಸ್ತಿಲು ಇಳಿದು ಕಟ್ಟೆಯವರೆಗೆ ಬಂದಳು. ಅಪ್ಪ ಅರ್ಧ ಹೆಜ್ಜೆ ಹಿಂದೆ ಇದ್ದರು. ಅವಳು ಎಡಗೈ ಎತ್ತಲು ನೋಡಿದಳು, ಅದು ಎದೆಯ ಮಟ್ಟಕ್ಕೆ ಬಂದು ನಿಂತಿತು. ಅಲ್ಲಿಂದಲೇ ಬೀಸಿದಳು.

ಈಗ ಬೆಳಿಗ್ಗೆ ಏಳೂವರೆಗೆ ಫೋನ್ ಮಾಡ್ತೀನಿ. ಅಪ್ಪ ಫೋನ್ ಎತ್ತಿ ಅಡುಗೆಮನೆ ಕಟ್ಟೆ ಮೇಲೆ ಇಡ್ತಾರೆ. ನಾನು ಸ್ವಲ್ಪ ಹೊತ್ತು ಏನೂ ಮಾತಾಡೋದಿಲ್ಲ, ಕೇಳ್ತೀನಿ. ಪಟ್ ಪಟ್. ಆಮೇಲೆ ಒಂದು ತಡೆ, ಅಲ್ಲಿ ಎಡಗೈ ರೊಟ್ಟಿ ತಿರುಗಿಸ್ತಿರುತ್ತೆ. ಮತ್ತೆ ಪಟ್ ಪಟ್.